ಮೂರನೆಯ ಸಲ ಕೇಳದ ಪ್ರಿನ್ಸಿಪಾಲರು

ದು ಮೇಷ್ಟ್ರು ಪರದೇಶದಿಂದ ಯುಂಟಾನ್ ಎಂಬ ಸಣ್ಣ ಊರಿಗೆ ಬಂದ ಮೊದಲ ವರ್ಷ ಯಾರು ಏನು ಕೊಟ್ಟರೂ ತೆಗೆದುಕೊಂಡುಬಿಡುತ್ತಿದ್ದರು. ಊರಿನವರು ಅದನ್ನು ಇವತ್ತಿಗೂ ಹೇಳಿಕೊಂಡು ನಗುತ್ತಾರೆ.

ಎದುರು ಮನೆಯ ಗಣಿತದ ಮೇಷ್ಟ್ರು ಒಂದು ಸಂಜೆ ಮೆಟ್ಟಿಲ ಮೇಲೆ ಸಿಕ್ಕವರು ವಾಡಿಕೆಯಂತೆ, "ಬನ್ನಿ, ನಮ್ಮನೇಲೇ ಊಟ ಮಾಡ್ಕೊಂಡು ಹೋಗಿ" ಅಂದರು. ಇವರು ಷೂ ಬಿಚ್ಚಿಟ್ಟು ಒಳಗೆ ಹೋಗಿ ಕೂತೇಬಿಟ್ಟರು. ಆ ಮನೆಯಲ್ಲಿ ಅವತ್ತು ಇದ್ದದ್ದು ಗಂಡನಿಗೊಂದು ಹೆಂಡತಿಗೊಂದು ಎಂದು ಎರಡು ಬಟ್ಟಲು ಅನ್ನ, ಒಂದು ತಟ್ಟೆ ಹುರಿದ ಸೊಪ್ಪು. ಗಂಡಹೆಂಡಿರು ತಮಗೆ ಹಸಿವೇ ಇಲ್ಲವೆಂದು ಬಿಸಿನೀರು ಕುಡಿಯುತ್ತ ಎದುರಿಗೆ ಕೂತರು. ದು ಮೇಷ್ಟ್ರು ಎರಡೂ ಬಟ್ಟಲು ಖಾಲಿ ಮಾಡಿ, ಇನ್ನೂ ಸ್ವಲ್ಪ ಅನ್ನ ಸಿಕ್ಕೀತೇ ಎಂದು ಕೇಳಿದರು. ಇನ್ನೊಂದು ಸಲ ಒಬ್ಬ ವಿದ್ಯಾರ್ಥಿನಿಯ ಅಜ್ಜಿ ಹಳ್ಳಿಯಿಂದ ಹೊಗೆಯಾಡಿಸಿದ ಹಂದಿಯ ತೊಡೆಯನ್ನು ಬೆನ್ನಮೇಲೆ ಹೊತ್ತು ನಾಲ್ಕು ಮಹಡಿ ಹತ್ತಿ ಬಂದಳು. ಇವರು "ಬಹಳ ಉಪಕಾರ ಆಯ್ತಮ್ಮ" ಎಂದು ಅದನ್ನು ಇಸಿದುಕೊಂಡು ಬಾಗಿಲು ಹಾಕಿದರು. ಇಲ್ಲ ಬೇಡ, ಇಲ್ಲ ತಗೊಳ್ಳಿ ಎಂದು ಒಂದು ಗಳಿಗೆ ಜಗ್ಗಾಡುವುದಕ್ಕೆ ತಯಾರಾಗಿ ಬಂದಿದ್ದ ಅಜ್ಜಿ ಬರಿಗೈಯಲ್ಲಿ ಮುಚ್ಚಿದ ಬಾಗಿಲು ನೋಡುತ್ತ ನಿಂತಳು. ಆಮೇಲೆ ಕೆಳಗಿಳಿದು ಬಂದು ಪೆಂಗಕ್ಕನ ಹತ್ತಿರ, "ನಿಮ್ಮ ಮೇಷ್ಟ್ರಿಗೆ ಮೈಯಲ್ಲಿ ಹುಷಾರಿಲ್ವಾ?" ಎಂದು ಕೇಳಿದಳಂತೆ.

ಪೆಂಗಕ್ಕ ಎಂದರೆ ಮೇಷ್ಟ್ರುಗಳ ವಸತಿಗೃಹದ ಕಾವಲಿನವಳು. ಅರವತ್ತು ದಾಟಿದ ಹೆಂಗಸು. ಬಾಗಿಲ ಪಕ್ಕದ ಸಣ್ಣ ಕೋಣೆಯಲ್ಲಿ ಕೂತು ಬೀಗದ ಕೈಗಳನ್ನು, ಬಂದ ಪಾರ್ಸೆಲ್‌ಗಳನ್ನು, ಕಟ್ಟಡದಲ್ಲಿರುವ ಇಪ್ಪತ್ತನಾಲ್ಕು ಸಂಸಾರಗಳ ಗುಟ್ಟುಗಳನ್ನು ಕಾಯುವುದು ಅವಳ ಕೆಲಸ. ಅವತ್ತೇ ಅವಳು ದು ಮೇಷ್ಟ್ರನ್ನು ಕೋಣೆಗೆ ಕರೆದು ಕೂರಿಸಿಕೊಂಡಳು.

"ಏನ್ ಮೇಷ್ಟ್ರೆ ನೀವು, ಕೊಟ್ಟ ತಕ್ಷಣ ಇಸ್ಕೋತೀರಲ್ಲ, ಹಸಿದ ನಾಯಿ ಹಂಗೆ! ಮೊದಲನೇ ಸಲ ಬೇಡ ಅನ್ಬೇಕು. ಎರಡನೇ ಸಲ ಬೇಡವೇ ಬೇಡ ಅನ್ಬೇಕು, ಕೈ ಹಿಂದಕ್ಕೆ ಇಟ್ಕೋಬೇಕು. ಮೂರನೇ ಸಲಕ್ಕೆ, 'ಅಯ್ಯೋ, ಇದೇನ್ ನೀವು' ಅಂತ ಬೈಕೊಂಡು ತಗೋಬೇಕು. ಗೊತ್ತಾಯ್ತಾ?"

"ಅವರು ಎರಡೇ ಸಲಕ್ಕೆ ಸುಮ್ಮನಾದ್ರೆ?"

"ಸುಮ್ಮನಾದ್ರೆ, ಅವರಿಗೆ ಕೊಡೋ ಮನಸ್ಸಿರ್ಲಿಲ್ಲ ಅಂತ. ಮೂರನೇ ಸಲಕ್ಕೆ ಮನಸ್ಸಿದ್ದೋರು ಮಾತ್ರ ಬರ್ತಾರೆ."

ಒಂದು ಚಕ್ಕೋತದ ಹಣ್ಣು ಹಿಡಿದುಕೊಂಡು ಅರ್ಧ ಗಂಟೆ ಅವರಿಗೆ ಅಭ್ಯಾಸ ಮಾಡಿಸಿದಳು. ಮೇಷ್ಟ್ರು ಎರಡು ಸಲ ಎರಡನೆಯ ಸುತ್ತಿಗೇ ಕೈ ಚಾಚಿ ಬೈಸಿಕೊಂಡರು.

ದು ಮೇಷ್ಟ್ರ ನಿಜವಾದ ಹೆಸರು ದೊರಿನ್ ಪದುರಾರು. ರುಮೇನಿಯಾದ ವಾಸ್ಲುಯ್ ಎಂಬ ಊರಿನವರು, ಐವತ್ತೆರಡು ವರ್ಷ, ಹೆಂಡತಿ ಬಿಟ್ಟು ಹೋಗಿ ಹತ್ತು ವರ್ಷ. ಅಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಶಾಲೆ ಮಕ್ಕಳಿಲ್ಲದೆ ಮುಚ್ಚಿಹೋದಾಗ ಇಲ್ಲಿಗೆ ಬಂದರು. ಪದುರಾರು ಎನ್ನುವುದು ಯುಂಟಾನಿನಲ್ಲಿ ಯಾರ ನಾಲಗೆಗೂ ಹತ್ತದ ಹೆಸರಾದ್ದರಿಂದ ಮೊದಲ ದಿನವೇ ದು ಎಂದು ನಾಮಕರಣವಾಯಿತು. ಕಲಿಯುವುದರಲ್ಲಿ ಅವರು ದಡ್ಡರೇನಲ್ಲ. ಎರಡು ವರ್ಷ ಕಳೆಯುವುದರೊಳಗೆ ಊರಿನವರ ಭಾಷೆಯನ್ನು ಊರಿನವರ ರಾಗದಲ್ಲೇ ಆಡತೊಡಗಿದರು. ಬೇಡ ಅನ್ನುವುದರಲ್ಲಂತೂ ಊರಿನವರನ್ನೇ ಮೀರಿಸಿದರು. ಒಂದು ಡಬ್ಬಿ ಚಹಾದ ಪುಡಿ ಕೊಡಬಂದ ತಂದೆಯೊಬ್ಬನನ್ನು ನಾಲ್ಕನೆಯ ಮಹಡಿಯಿಂದ ಗೇಟಿನವರೆಗೂ ಬೇಡ ಬೇಡ ಎಂದು ತಳ್ಳಿಕೊಂಡು ಹೋಗಿ, ಗೇಟಿನ ಹತ್ತಿರ ಸೋತು ಡಬ್ಬಿ ಹಿಡಿದುಕೊಂಡು ಮೇಲೆ ಬಂದರು. ಆ ತಂದೆ ಬೆವರು ಒರೆಸಿಕೊಳ್ಳುತ್ತ, "ಎಂಥ ಮರ್ಯಾದಸ್ಥ ಮನುಷ್ಯ" ಎಂದು ಹೊಗಳಿದ. ಪೆಂಗಕ್ಕ ತನ್ನ ಕೋಣೆಯ ಕಿಟಕಿಯಿಂದ ಇದನ್ನೆಲ್ಲ ನೋಡಿ ಹೆಮ್ಮೆಪಟ್ಟಳು.

ಹೀಗೆ ಐದು ವರ್ಷ. ಐದನೆಯ ವರ್ಷದ ಮೇ ತಿಂಗಳಲ್ಲಿ ಒಪ್ಪಂದ ಮುಗಿಯುವ ಕಾಲ ಬಂತು. ಒಪ್ಪಂದ ಮುಗಿದರೆ ವೀಸಾ ಮುಗಿದ ಹಾಗೆ. ವೀಸಾ ಮುಗಿದರೆ ಜುಲೈನಲ್ಲಿ ಗಂಟುಮೂಟೆ ಕಟ್ಟಬೇಕು. ದು ಮೇಷ್ಟ್ರಿಗೆ ಹೋಗುವ ಇಷ್ಟ ಎಳ್ಳಷ್ಟೂ ಇರಲಿಲ್ಲ. ಊರಿನಲ್ಲಿ ಅವರಿಗಾಗಿ ಇದ್ದದ್ದು ತಂಗಿ ವಿಯೊರಿಕಾಳ ಮನೆಯ ಗಾಜು ಹಾಕಿದ ಬಾಲ್ಕನಿ. ಅದರಲ್ಲಿ ಆಗಲೇ ಹುಳಿಗೆ ಹಾಕಿದ ಎಲೆಕೋಸಿನ ಪೀಪಾಯಿ ಇತ್ತು. ಅಣ್ಣ ಬಂದರೆ ಪೀಪಾಯಿ ಎಲ್ಲಿಡುವುದು ಎಂದು ಆಕೆ ಫೋನಿನಲ್ಲಿ ಎರಡು ಸಲ ಕೇಳಿದ್ದಳು.

ಇಲ್ಲಿಯಾದರೋ, ಬೆಳಿಗ್ಗೆ ಅಕ್ಕಿ ಶಾವಿಗೆಯ ಅಂಗಡಿಗೆ ಹೋಗುವ ದಾರಿಯಲ್ಲಿ ಹತ್ತು ಜನ "ಊಟ ಆಯ್ತಾ ಮೇಷ್ಟ್ರೆ?" ಎಂದು ಕೇಳುತ್ತಿದ್ದರು. ವಾಸ್ಲುಯಿಯಲ್ಲಿ ಅವರು ಉಂಡರೋ ಬಿಟ್ಟರೋ ಎಂದು ಯಾರೂ ಕೇಳಿದ್ದಿಲ್ಲ. ತರಗತಿಯಲ್ಲಿ ಅರವತ್ತೆರಡು ಮಕ್ಕಳು. ಅವರೇ ಆರಿಸಿಕೊಂಡ ಇಂಗ್ಲಿಷ್ ಹೆಸರುಗಳಲ್ಲಿ ಒಬ್ಬ ಟ್ರ್ಯಾಕ್ಟರ್, ಒಬ್ಬಳು ಥರ್ಸ್‌ಡೇ, ಇಬ್ಬರು ಚಕ್ರವರ್ತಿಗಳು. ಸಂಜೆ ಹೊಳೆದಂಡೆಯಲ್ಲಿ ಮುದುಕರೊಡನೆ ಚದುರಂಗ ಆಡಿ ಸೋಲುವುದು, ಸೋತದ್ದಕ್ಕೆ ಬೈಸಿಕೊಳ್ಳುವುದು. ಇಷ್ಟನ್ನೂ ಬಿಟ್ಟು ಪೀಪಾಯಿಯ ಪಕ್ಕದಲ್ಲಿ ಮಲಗಬೇಕಲ್ಲ ಎಂದು ನೆನೆಯಲೂ ಅವರಿಗೆ ಇಷ್ಟವಾಗುತ್ತಿರಲಿಲ್ಲ.

ಆದ್ದರಿಂದ ಪ್ರಿನ್ಸಿಪಾಲ್ ಕುವಾಂಗ್ ಅವರು ಹೇಳಿ ಕಳುಹಿಸಿದಾಗ ದು ಮೇಷ್ಟ್ರು ಗಡ್ಡ ಟ್ರಿಮ್ ಮಾಡಿಸಿಕೊಂಡು, ಒಗೆದ ಅಂಗಿ ತೊಟ್ಟು, ಮದುವೆಗಂಡಿನಂತೆ ಹೋದರು.

ಇಲ್ಲೊಂದು ಸಂಗತಿ ಇದೆ. ದು ಮೇಷ್ಟ್ರಿಗೆ ಇದು ಗೊತ್ತಾದದ್ದು ಎಷ್ಟೋ ದಿನ ಕಳೆದ ಮೇಲೆ. ಓದುವವರಿಗೆ ಈಗಲೇ ಹೇಳಿಬಿಡುವುದು ನ್ಯಾಯ. ಕುವಾಂಗ್ ಒಳ್ಳೆಯ ಮನುಷ್ಯ, ಆದರೆ ತರಬೇತಿಗಳನ್ನು ನಂಬುವ ಮನುಷ್ಯ. ಹಿಂದಿನ ತಿಂಗಳಷ್ಟೇ ಚಾಂಗ್‌ಶಾ ನಗರಕ್ಕೆ ಹೋಗಿ, ವಿದೇಶಿ ಶಿಕ್ಷಕರೊಡನೆ ಹೇಗೆ ನಡೆದುಕೊಳ್ಳಬೇಕು ಎಂಬ ಮೂರು ದಿನದ ತರಬೇತಿ ಮುಗಿಸಿ ಬಂದಿದ್ದರು. ಅಲ್ಲಿ ಹೇಳಿದ್ದನ್ನೆಲ್ಲ ಕೆಂಪು ರಟ್ಟಿನ ಪುಸ್ತಕದಲ್ಲಿ ದುಂಡಗೆ ಬರೆದುಕೊಂಡಿದ್ದರು. ಅದರಲ್ಲಿ ಎರಡು ಗೆರೆ ಎಳೆದ ಸಾಲು ಇದು: ವಿದೇಶಿಯರು ನೇರ ಮಾತಿನವರು, ಬೇಡ ಎಂದರೆ ಬೇಡ, ಎರಡನೆಯ ಸಲ ಕೇಳಿದರೆ ಅನುಮಾನ, ಮೂರನೆಯ ಸಲ ಕೇಳಿದರೆ ಅವಮಾನ.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಹಾಗಾಯಿತು.

ಪ್ರಿನ್ಸಿಪಾಲರು ತಾವೇ ಚಹಾ ಬಗ್ಗಿಸಿಕೊಟ್ಟರು. "ಮೇಷ್ಟ್ರೆ, ನಮ್ಮ ಆಸೆ ಏನಪ್ಪಾ ಅಂದ್ರೆ, ನೀವು ಇನ್ನೂ ಎರಡು ವರ್ಷ ಇಲ್ಲೇ ಇದ್ದುಬಿಡ್ಬೇಕು."

ದು ಮೇಷ್ಟ್ರ ಎದೆಯೊಳಗೆ ಪಟಾಕಿ ಸಿಡಿಯಿತು. ಮುಖದಲ್ಲಿ ಮಾತ್ರ ಸಂಕೋಚ ತಂದುಕೊಂಡು, "ಅಯ್ಯೋ, ಬೇಡಿ ಪ್ರಿನ್ಸಿಪಾಲ್ರೆ. ನನ್ನಂಥ ಮುದುಕನ್ನ ಇಟ್ಕೊಂಡು ಏನ್ ಮಾಡ್ತೀರಿ? ಯಾರಾದ್ರೂ ಹುಡುಗ್ರನ್ನ ಕರ್ಕೊಳ್ಳಿ" ಅಂದರು.

ಕುವಾಂಗರ ಮುಖ ಬಾಡಿತು. ಪುಸ್ತಕದ ಪ್ರಕಾರ ಅಲ್ಲಿಗೇ ನಿಲ್ಲಿಸಬೇಕಿತ್ತು. ಮನಸ್ಸು ತಡೆಯದೆ ಅನುಮಾನದ ಪಾಪವನ್ನು ಕಟ್ಟಿಕೊಂಡು ಇನ್ನೊಂದು ಸಲ ಕೇಳಿದರು. "ನಿಜವಾಗ್ಲೂ ಆಗಲ್ವಾ? ಮಕ್ಕಳು ತುಂಬ ಹಚ್ಕೊಂಡಿದಾರೆ."

ಎಲ್ಲ ಕ್ರಮವಾಗಿ ನಡೆಯುತ್ತಿದೆಯೆಂದು ದು ಮೇಷ್ಟ್ರಿಗೆ ಹುರುಪು ಬಂತು. ಎರಡನೆಯದು ಮೊದಲನೆಯದಕ್ಕಿಂತ ಗಟ್ಟಿಯಾಗಿರಬೇಕು ಎಂಬುದು ಪೆಂಗಕ್ಕನ ಪಾಠ. "ಸಾಧ್ಯವೇ ಇಲ್ಲ! ಊರಲ್ಲಿ ತಂಗಿ ಕಾಯ್ತಾ ಕೂತಿದಾಳೆ. ಹೋಗ್ಲೇಬೇಕು" ಎಂದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಆಮೇಲೆ ನೆಲ ನೋಡುತ್ತ ಮೂರನೆಯದಕ್ಕೆ ಕಾದರು. 'ಅಯ್ಯೋ, ಇದೇನ್ ನೀವು' ಎನ್ನುವ ಮಾತು ತುಟಿಯ ಮೇಲೇ ತಯಾರಾಗಿತ್ತು.

ಪ್ರಿನ್ಸಿಪಾಲರು ಎದ್ದುನಿಂತು ಅವರ ಕೈ ಹುಡುಕಿ ಹಿಡಿದು ಕುಲುಕಿದರು. "ನಿಮ್ಮ ನಿರ್ಧಾರಕ್ಕೆ ನಾವು ಗೌರವ ಕೊಡ್ತೀವಿ."

ದು ಮೇಷ್ಟ್ರು ಹೊರಗೆ ಬಂದಾಗ ಚಹಾ ಇನ್ನೂ ಆರಿರಲಿಲ್ಲ.

"ಹೆದರ್ಬೇಡಿ," ಅಂದಳು ಪೆಂಗಕ್ಕ. "ಚಕ್ಕೋತ ಆದ್ರೆ ಮೂರೂ ಅಲ್ಲೇ ಆಗೋಗುತ್ತೆ. ಎರಡು ವರ್ಷದ ಮಾತು, ಸುಮ್ನೇನಾ? ಮೂರನೇದು ನಿಧಾನಕ್ಕೆ ಬರುತ್ತೆ. ಯಾರ ಕೈಲಾದ್ರೂ ಹೇಳಿ ಕಳಿಸ್ತಾರೆ ನೋಡಿ."

ಮೂರು ದಿನ ಬಿಟ್ಟು ವೆನ್ ಮೇಡಂ ಮೆಟ್ಟಿಲು ಹತ್ತಿ ಬಂದಳು. ಇಂಗ್ಲಿಷ್ ಕಲಿಸುವ ಎಳೆಯ ಮೇಡಂ; ದು ಮೇಷ್ಟ್ರ ಕಾಗದಪತ್ರ ನೋಡಿಕೊಳ್ಳುವ ಹೊಣೆಯೂ ಅವಳದೇ. ಮೇಷ್ಟ್ರು ಬಾಗಿಲು ತೆಗೆದವರೇ ಸಂಕೋಚದ ಮುಖ ಹಾಕಿಕೊಂಡರು. ಅವಳು ತಂದದ್ದು ಬೀಳ್ಕೊಡುಗೆಯ ಊಟಕ್ಕೆ ಯಾವ ದಿನ ಆಗಬಹುದು ಎಂಬ ಪ್ರಶ್ನೆ. ಇನ್ನೊಂದು ವಾರಕ್ಕೆ ಮತ್ತೆ ಬಂದಳು. ಈ ಸಲ ಸಾಮಾನು ಕಟ್ಟಲು ರಟ್ಟಿನ ಪೆಟ್ಟಿಗೆಗಳು ಎಷ್ಟು ಬೇಕು ಎಂಬ ಪ್ರಶ್ನೆ. ದು ಮೇಷ್ಟ್ರು ಪೆಟ್ಟಿಗೆಗಳನ್ನೂ ಎರಡು ಸಲ ಬೇಡ ಎಂದರು. ವೆನ್ ಮೇಡಂ ಈ ಊರಿನವಳೇ ಆದ್ದರಿಂದ ಮೂರನೆಯ ಸಲ ಕೊಟ್ಟೇ ಹೋದಳು.

ಆಮೇಲೆ ಉಡುಗೊರೆಗಳು ಬರತೊಡಗಿದವು. ಟ್ರ್ಯಾಕ್ಟರನ ಅಪ್ಪ, ಥರ್ಸ್‌ಡೇಯ ಅಮ್ಮ, ಇಬ್ಬರು ಚಕ್ರವರ್ತಿಗಳ ಮನೆಯವರು, ಒಬ್ಬರ ಹಿಂದೊಬ್ಬರು ಬಂದು ಜಗ್ಗಾಡಿ ಕೊಟ್ಟು ಹೋದರು. ಇಷ್ಟು ಜನ ಮೂರು ಮೂರು ಸಲ ಕೊಡಲು ಬಂದರೇ ಹೊರತು, ಇರಿ ಅನ್ನಬೇಕಾದ ಒಬ್ಬ ಮನುಷ್ಯ ಮಾತ್ರ ಮೂರನೆಯ ಸಲ ಬಾಯಿ ಬಿಡಲಿಲ್ಲ. ಕಾರಿಡಾರಿನಲ್ಲಿ ಎದುರಾದರೆ ಕುವಾಂಗರು ಕಣ್ಣು ತಪ್ಪಿಸಿ, ಗೋಡೆಗೆ ಅಂಟಿಸಿದ ಶುಚಿತ್ವದ ನಿಯಮಗಳನ್ನು ಓದುತ್ತ ನಿಲ್ಲುತ್ತಿದ್ದರು.

ಜೂನ್ ಬಂತು. ಪೆಂಗಕ್ಕನಿಗೂ ಧೈರ್ಯ ಹೇಳುವ ಮಾತು ಮುಗಿಯಿತು. "ಎಂಥ ಗಂಡಸ್ರೀ ಅವನು! ನಾನೇ ಹೋಗಿ ಕೇಳ್ತೀನಿ" ಎಂದು ಎದ್ದಳು.

"ಬೇಡ ಪೆಂಗಕ್ಕ."

"ಇದು ಎಷ್ಟನೇ ಬೇಡ? ಮೊದಲನೇದಾ?"

"ನಿಜವಾದ ಬೇಡ."

ಯಾಕೆಂದರೆ ಅಷ್ಟರಲ್ಲಿ ವೆನ್ ಮೇಡಂ ಕೆಂಪು ರಟ್ಟಿನ ಪುಸ್ತಕದ ವಿಷಯ ಬಾಯಿ ಬಿಟ್ಟಿದ್ದಳು. ಮೂರನೆಯದು ಬಾರದಿದ್ದಕ್ಕೆ ತರಬೇತಿಯೇ ಕಾರಣವಿರಬಹುದು. ಆದರೆ ಇಲ್ಲದೆಯೂ ಇರಬಹುದಲ್ಲ? ಗಣಿತದ ಮೇಷ್ಟ್ರು ಊಟಕ್ಕೆ ಕರೆದದ್ದೂ ಎರಡು ಬಟ್ಟಲು ಅನ್ನ ಇಟ್ಟುಕೊಂಡೇ. ಮೊದಲಿನ ಎರಡು ಸಲ ಈ ಊರಿನಲ್ಲಿ ಯಾರು ಬೇಕಾದರೂ ಕೇಳುತ್ತಾರೆ, ಅದು ಬಾಯಿಮಾತು. ತಾನು ನಿಜಕ್ಕೂ ಬೇಕಾದವನೋ, ಮರ್ಯಾದೆಗೆ ಕರೆಸಿಕೊಂಡವನೋ ಎಂದು ತಿಳಿಯುವ ದಾರಿ ಒಂದೇ ಇತ್ತು, ಅದು ಮುಚ್ಚಿಹೋಗಿತ್ತು. ಹೋಗಿ ಕೇಳೋಣವೆಂದರೆ ನಾಚಿಕೆ, ಸುಮ್ಮನಿರೋಣವೆಂದರೆ ಸಂಕಟ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವರ ಪಾಡಾಯಿತು ದು ಮೇಷ್ಟ್ರದು. 

ಬೀಳ್ಕೊಡುಗೆಯ ಊಟ ದೋಣಿ ಹಬ್ಬದ ಹಿಂದಿನ ವಾರ, ಶುಕ್ರವಾರ ಸಂಜೆ ಆರಕ್ಕೆ. ಹೊಳೆಯ ಪಕ್ಕದ ಹೋಟೆಲಿನಲ್ಲಿ ದೊಡ್ಡ ದುಂಡು ಮೇಜು. ಬಾಗಿಲಿಗೆ ಎದುರಾದ ಮುಖ್ಯ ಕುರ್ಚಿಯಲ್ಲಿ ಕುವಾಂಗ್, ಅವರ ಬಲಕ್ಕೆ ದು ಮೇಷ್ಟ್ರು, ಎಡಕ್ಕೆ ಗಣಿತದ ಮೇಷ್ಟ್ರು, ಆಮೇಲೆ ವೆನ್ ಮೇಡಂ ಮತ್ತು ಉಳಿದವರು. ಕಾವಲಿನವಳು ಈ ಮೇಜಿಗೆ ಬರುವ ವಾಡಿಕೆ ಇಲ್ಲ. ಆದರೆ ಪೆಂಗಕ್ಕ ಬಾರದೆ ತಾನು ಒಂದು ತುತ್ತೂ ಮುಟ್ಟುವುದಿಲ್ಲವೆಂದು ದು ಮೇಷ್ಟ್ರು ಹಟ ಹಿಡಿದಿದ್ದರು. ಅವಳು ಹಬ್ಬದ ಜರಿ ಕೋಟು ಹಾಕಿಕೊಂಡು, ಅವರ ಪಕ್ಕದಲ್ಲೇ ಸೆಟೆದು ಕೂತಿದ್ದಳು. ಕೆಂಪು ಮೆಣಸಿನಕಾಯಿ ಹೊದ್ದ ದೊಡ್ಡ ಮೀನಿನ ತಲೆ ಬಂತು. ಅದರ ಮೂತಿಯನ್ನು ಮರ್ಯಾದೆಯಿಂದ ದು ಮೇಷ್ಟ್ರ ಕಡೆ ತಿರುಗಿಸಿದರು. ಸಣ್ಣ ಸಣ್ಣ ಲೋಟಗಳಿಗೆ ಜೋಳದ ಸಾರಾಯಿ ತುಂಬಿತು. ಮೂರು ಸುತ್ತು ಎಲ್ಲರೂ ಕುಡಿದರು.

ಕುವಾಂಗರು ಎದ್ದು ಮಾತಾಡಿದರು. ಐದು ವರ್ಷ, ಸ್ನೇಹಸೇತುವೆ, ಎರಡು ದೇಶ, ಇತ್ಯಾದಿ. ದನಿಯಲ್ಲಿ ಜೀವವೇ ಇರಲಿಲ್ಲ, ಶುಚಿತ್ವದ ನಿಯಮ ಓದಿದ ಹಾಗಿತ್ತು. "ಈಗ ನಮ್ಮ ದು ಮೇಷ್ಟ್ರು ಎರಡು ಮಾತು ಆಡ್ತಾರೆ" ಎಂದು ಕೂತರು.

ದು ಮೇಷ್ಟ್ರು ಚಂದದ ಗಾದೆ ಸೇರಿಸಿ ಒಂದು ಭಾಷಣ ಬರೆದು, ಬಾಯಿಪಾಠ ಮಾಡಿ ಬಂದಿದ್ದರು. ಎದ್ದುನಿಂತರು. ಅವರ ತಟ್ಟೆಗೆ ಪೆಂಗಕ್ಕ ಸದ್ದಿಲ್ಲದೆ ಮೀನಿನ ಕೆನ್ನೆಯ ಮಾಂಸ ತೆಗೆದು ಹಾಕುತ್ತಿರುವುದು ಕಾಣಿಸಿತು. ಅಲ್ಲಿಗೆ ಭಾಷಣ ಮರೆತುಹೋಯಿತು.

"ನನಗೆ ಹೋಗೋಕೆ ಇಷ್ಟ ಇಲ್ಲ," ಎಂದರು. "ಇಲ್ಲೇ ಇರ್ತೀನಿ. ಇಟ್ಕೊಳ್ಳಿ."

ಮೇಜಿನ ಸುತ್ತ ಊಟದ ಕಡ್ಡಿಗಳು ನಿಂತಲ್ಲೇ ನಿಂತವು. ಇಂಥ ಮಾತನ್ನು ಇಂಥ ಕಡೆ ಹೀಗೆ ಬತ್ತಲೆಯಾಗಿ ಆಡಿದವರನ್ನು ಅಲ್ಲಿದ್ದವರು ಕಂಡಿರಲಿಲ್ಲ. ಕುವಾಂಗರು ಬೆಚ್ಚಿಬಿದ್ದರು. ಬೆಚ್ಚಿಬಿದ್ದ ಮನುಷ್ಯನ ಬಾಯಿಗೆ ಬರುವುದು ಹುಟ್ಟಿದಂದಿನಿಂದ ಕಲಿತ ಮಾತು, ಮೂರು ದಿನದಲ್ಲಿ ಕಲಿತದ್ದಲ್ಲ.

"ಛೆ ಛೆ, ಅದೆಲ್ಲಾದ್ರೂ ಉಂಟಾ ಮೇಷ್ಟ್ರೆ! ಊರಲ್ಲಿ ತಂಗಿ ಕಾಯ್ತಿದಾರೆ. ನಮ್ಮ ಸ್ವಾರ್ಥಕ್ಕೆ ನಿಮ್ಮನ್ನ ಹಿಡ್ಕೊಂಡ್ರೆ ಜನ ಏನಂತಾರೆ?"

ದು ಮೇಷ್ಟ್ರು, ಹಾಗಾದರೆ ಬೇಡವಾದವನೇ ಸರಿ ಎಂದುಕೊಂಡು ಕುರ್ಚಿ ಹಿಡಿದು ಕೂರಲು ಹೋದರು. ಮೇಜಿನ ಕೆಳಗೆ ಅವರ ಮೊಣಕಾಲಿಗೆ ಪೆಂಗಕ್ಕನ ಒದೆ ಬಿತ್ತು.

"ಕೂತ್ಕೋಬೇಡಿ!" ಅವಳು ಪಿಸುಗುಟ್ಟಿದ್ದು ಬಾಗಿಲಿನವರೆಗೂ ಕೇಳಿಸಿತು. "ಇದು ಒಂದು!"

ದು ಮೇಷ್ಟ್ರು ಅವಳ ಮುಖ ನೋಡಿದರು, ಪ್ರಿನ್ಸಿಪಾಲರ ಮುಖ ನೋಡಿದರು. ಆಗ ಅವರಿಗೆ ಹೊಳೆಯಿತು. ಐದು ವಾರ ತಾನು ಇಸಿದುಕೊಳ್ಳುವವನ ಜಾಗದಲ್ಲಿ ಕೂತು ಕಾದದ್ದು. ಈಗ ಕೊಡುವವನ ಜಾಗಕ್ಕೆ ಬಂದಾಗಿದೆ.

"ತಂಗಿ ಕಾಯ್ತಿಲ್ಲ ಪ್ರಿನ್ಸಿಪಾಲ್ರೆ. ಎಲೆಕೋಸಿನ ಪೀಪಾಯಿ ಎಲ್ಲಿಡ್ಲಿ ಅಂತ ಚಿಂತೆ ಮಾಡ್ತಿದಾಳೆ. ನಾನು ಹೋಗದೇ ಇದ್ರೆ ಅವಳಿಗೂ ಒಳ್ಳೇದೇ. ಇಟ್ಕೊಳ್ಳಿ."

"ಬೇಡ ಮೇಷ್ಟ್ರೆ, ಬೇಡವೇ ಬೇಡ." ಕುವಾಂಗರು ಎರಡೂ ಕೈ ಅಡ್ಡ ಆಡಿಸಿದರು. "ಇದೊಂದು ಸಣ್ಣ ಊರು. ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ. ಚಳಿಗಾಲದಲ್ಲಿ ಗೋಡೆಯೆಲ್ಲ ಬೆವರುತ್ತೆ. ನಿಮ್ಮಂಥವರಿಗೆ ತಕ್ಕ ಜಾಗ ಅಲ್ಲ."

"ಎರಡು," ಅಂದಳು ಪೆಂಗಕ್ಕ. ಈ ಸಲ ಪಿಸುಗುಟ್ಟುವ ಗೋಜಿಗೂ ಹೋಗಲಿಲ್ಲ.

ಮೂರನೆಯದನ್ನು ಕೇಳುವುದು ಎಷ್ಟು ಕಷ್ಟ ಎಂದು ದು ಮೇಷ್ಟ್ರಿಗೆ ಆಗ ಗೊತ್ತಾಯಿತು. ಎರಡು ಬೇಡಗಳು ನಿಜದ ಬೇಡಗಳ ಹಾಗೇ ಕೇಳಿಸಿದ್ದವು. ಮೇ ತಿಂಗಳಲ್ಲಿ ಆ ಕೋಣೆಯಲ್ಲಿ ಈ ಮನುಷ್ಯನೂ ಹೀಗೇ ಕೇಳಲೋ ಬೇಡವೋ ಎಂದು ಒದ್ದಾಡಿರಬೇಕು. ನೆಲ ನೋಡುತ್ತಿದ್ದ ತಾನು ಅವರ ಮುಖ ನೋಡಿರಲೇ ಇಲ್ಲ.  ಗಣಿತದ ಮೇಷ್ಟ್ರಂತೂ ಕೈಬೆರಳು ಮಡಚಿ ಲೆಕ್ಕ ಹಿಡಿದು ಕೂತಿದ್ದರು.

"ಪ್ರಿನ್ಸಿಪಾಲ್ರೆ," ಎಂದರು ದು ಮೇಷ್ಟ್ರು.  "ಈ ಊರಲ್ಲಿ ನಾನು ಬೇಡ ಅಂದದ್ದೆಲ್ಲ ಸುಳ್ಳು. ಚಹಾದ ಪುಡಿ ಬೇಡ ಅಂದದ್ದು ಸುಳ್ಳು, ರಟ್ಟಿನ ಪೆಟ್ಟಿಗೆ ಬೇಡ ಅಂದದ್ದೊಂದೇ ನಿಜ. ನಿಮ್ಮ ರೂಮಲ್ಲಿ ಬೇಡ ಅಂದದ್ದು ಎಲ್ಲಕ್ಕಿಂತ ದೊಡ್ಡ ಸುಳ್ಳು. ಉಂಡ್ಯಾ ಅಂತ ಕೇಳೋರು ನನಗೆ ಇಲ್ಲಿ ಬಿಟ್ರೆ ಇನ್ನೆಲ್ಲೂ ಇಲ್ಲ. ದಮ್ಮಯ್ಯ, ಇಟ್ಕೊಳ್ಳಿ."

ಕುವಾಂಗ್ ಎದ್ದುನಿಂತರು. ಎರಡೂ ಕೈ ಚಾಚಿ ದು ಮೇಷ್ಟ್ರ ಎರಡೂ ಕೈ ಹಿಡಿದುಕೊಂಡರು.

"ಅಯ್ಯೋ, ಇದೇನ್ರೀ ನೀವು," ಎಂದರು. ಆಮೇಲೆ ಅಲ್ಲೇ, ಎಲ್ಲರೆದುರಿಗೆ, ಬೈಯಲು ಶುರುಮಾಡಿದರು. "ಇದನ್ನ ಮೊದಲೇ ಬೊಗಳೋಕೆ ಏನಾಗಿತ್ತು ನಿಮಗೆ? ಐದು ವಾರದಿಂದ ನನ್ನ ಹೆಂಡತಿ ನನ್ನ ಹತ್ರ ಮಾತು ಬಿಟ್ಟಿದಾಳೆ! 'ಒಬ್ಬ ಮನುಷ್ಯನ್ನ ಇರಿ ಅಂತ ನೆಟ್ಟಗೆ ಹೇಳೋಕೆ ಬರಲ್ಲ, ನೀನೆಂಥ ಪ್ರಿನ್ಸಿಪಾಲ್' ಅಂತ ಬರೀ ಗಂಜಿ ಇಡ್ತಿದಾಳೆ! ನೀವು ಹೋಗ್ತೀರಿ ಅಂತ ಮೇಲಿನ ಆಫೀಸಿಗೆ ಕಳಿಸಿದ ಕಾಗದ ವಾಪಸ್ ತರೋಕೆ ಈಗ ನಾನೇ ಹೋಗಿ ಹಲ್ಲು ಗಿಂಜ್ಬೇಕು, ಗೊತ್ತಾ?"

"ಸಿಗುತ್ತಾ ಕಾಗದ?" ದು ಮೇಷ್ಟ್ರು ಹೆದರುತ್ತ ಕೇಳಿದರು.

"ಸಿಗದೆ ಏನು? ಆ ಆಫೀಸಿನ ಸಾಹೇಬ ನನ್ನ ಭಾವಮೈದ. ಅವನ ಅಕ್ಕನೇ ನನ್ನ ಮನೇಲಿ ಗಂಜಿ ಇಡ್ತಿರೋದು."

ಮೇಜಿಗೆ ಮೇಜೇ ನಕ್ಕಿತು. ವೆನ್ ಮೇಡಂ ನಗುತ್ತಲೇ ಕಣ್ಣೊರೆಸಿಕೊಂಡಳು. ಗಣಿತದ ಮೇಷ್ಟ್ರು ದು ಮೇಷ್ಟ್ರ ಲೋಟಕ್ಕೆ ಮತ್ತೆ ಸಾರಾಯಿ ಬಗ್ಗಿಸಲು ಬಂದರು. ಕುವಾಂಗ್ ಅಡ್ಡ ಕೈ ಹಿಡಿದರು.

"ಅವರಿಗೆ ಸಾಕು. ನಾಳೆ ಏಳೂ ಮುಕ್ಕಾಲಿಗೆ ಮೊದಲನೇ ಪಿರಿಯಡ್ ಅವರದೇ."

"ನಾಳೆ ಶನಿವಾರ ಅಲ್ವಾ?" ಎಂದರು ದು ಮೇಷ್ಟ್ರು.

"ನಾಳೆ ಸೋಮವಾರದ ಟೈಂಟೇಬಲ್. ದೋಣಿ ಹಬ್ಬದ ರಜಕ್ಕೆ ಬದಲಿ."

"ನನಗೆ ಯಾರೂ ಹೇಳಲೇ ಇಲ್ಲ!"

"ಹೋಗೋರಿಗೆ ಯಾಕ್ರೀ ಹೇಳೋದು?" ಎಂದರು ಪ್ರಿನ್ಸಿಪಾಲರು. "ಇರೋರಿಗೆ ಹೇಳ್ತಾರೆ."

ದು ಮೇಷ್ಟ್ರು ಲೋಟ ಬೋರಲು ಹಾಕಿಟ್ಟರು. ಬೆಳಿಗ್ಗೆ ಬೇಗ ಏಳಬೇಕಿತ್ತು.